ಒಣಮನೆಯ ಒದ್ದೆ ಸೆರಗು

ಒಣಗಿದ ಹಾವಸೆಯ ಒಂದು ಹಿಡಿಯನ್ನು ಅಂಗೈ ಮೇಲಿಟ್ಟು, ಇದು ಸತ್ತಿದೆಯೋ ಬದುಕಿದೆಯೋ ಹೇಳಿ ಎಂದರೆ ನನ್ನಿಂದ ಆಗುವುದಿಲ್ಲ. ಜೀವಮಾನವೆಲ್ಲ ಅದನ್ನೇ ಓದಿದವಳು ನಾನು, ಆದರೂ ಆಗುವುದಿಲ್ಲ. ಸತ್ತದ್ದೂ ಕಂದು, ಬದುಕಿದ್ದೂ ಕಂದು. ಎರಡೂ ಬೆರಳಿಗೆ ಸಿಕ್ಕರೆ ಪುಡಿಯಾಗುತ್ತವೆ. ನೀರು ಬಿಟ್ಟು ಕಾಯಬೇಕು, ಅದೊಂದೇ ದಾರಿ. ಬದುಕಿದ್ದರೆ ಎಲೆ ಬಿಚ್ಚಿ ಹಸಿರಾಗುತ್ತದೆ. ಸತ್ತಿದ್ದರೆ ಒದ್ದೆಯಾದ ಕಸ, ಅಷ್ಟೆ.

ಬೂದಿಬಂಡೆ ಪಟ್ಟಣದ ಜನ ಹಾವಸೆ ಎನ್ನುವುದಿಲ್ಲ. ಬಚ್ಚಲಲ್ಲಿ ಬೆಳೆದರೂ ಗುಡ್ಡದ ಬಂಡೆಯ ಮೇಲೆ ಬೆಳೆದರೂ ಅವರಿಗೆ ಅದು ಪಾಚಿ. ಹಾಗಾಗಿ ನಾನು ಪಾಚಿ ಮೇಡಂ. ವನಮಾಲಾ ಎಂಬ ಹೆಸರು ನನಗಿರುವುದು ಸಂಬಳದ ಚೀಟಿಗೆ ಮಾತ್ರ ಗೊತ್ತು. ಜಾರಿ ಬೀಳಿಸುವ ವಸ್ತುವಿನ ಹೆಸರನ್ನು ಹೊತ್ತು ತಿರುಗುವುದು ಮೊದಮೊದಲು ಸಿಟ್ಟು ತರಿಸುತ್ತಿತ್ತು. ಆಮೇಲೆ ಅದೇ ಸರಿಯಾದ ಹೆಸರು ಅನಿಸಿತು.

ಬೇರೆ ಗಿಡಗಳಿಗೆ ಬೇರಿದೆ, ಬೇರಿನಿಂದ ಎಲೆಯ ತುದಿಯವರೆಗೆ ನೀರು ಏರಿಸುವ ಕೊಳವೆಗಳಿವೆ. ಹಾವಸೆಗೆ ಎರಡೂ ಇಲ್ಲ. ಬುಡದಲ್ಲಿರುವ ಕೂದಲಿನಂಥ ಎಳೆಗಳು ಮುಖ್ಯವಾಗಿ ಕಲ್ಲನ್ನು ಹಿಡಿದುಕೊಳ್ಳುವುದಕ್ಕೆ. ಮಳೆ ಬಂದರೆ ಮೈಯೆಲ್ಲ ಬಾಯಾಗಿ ಕುಡಿಯುತ್ತದೆ, ಬಿಸಿಲು ಬಂದರೆ ಮೈಯೆಲ್ಲ ಒಣಗುತ್ತದೆ. ಒಣಗುವುದಕ್ಕೆ ಹೆದರುವುದಿಲ್ಲ. ಅದರ ಜೀವಕೋಶಗಳಲ್ಲಿ ಸಕ್ಕರೆ ತುಂಬಿರುತ್ತದೆ. ನೀರು ಹೋದ ಮೇಲೆ ಆ ಸಕ್ಕರೆ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಒಳಗಿನ ಸಾಮಾನನ್ನೆಲ್ಲ ಇದ್ದಲ್ಲೇ ಹಿಡಿದಿಡುತ್ತದೆ. ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಹಾಗೇ ಇದ್ದು, ಮಳೆ ಬಿದ್ದೊಡನೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತದೆ. ಈ ವಿದ್ಯೆ ಮನುಷ್ಯನ ಮೈಗೂ ಬಂದರೆ ಹೇಗೆ ಎಂದು ಪ್ರಯೋಗಾಲಯದಲ್ಲಿ ಯಾರೋ ಕೇಳಿದರು. ಬಂದೇಬಿಟ್ಟಿತು.

ಅಷ್ಟು ಹೊತ್ತಿಗೆ ಬೂದಿಬಂಡೆಯ ಬೇಸಿಗೆ ಮನುಷ್ಯರು ತಾಳುವಂಥದ್ದಾಗಿ ಉಳಿದಿರಲಿಲ್ಲ. ಯುಗಾದಿ ಮುಗಿಯುವ ಮೊದಲೇ ಕೆರೆ ಬಿರುಕು ಬಿಡುತ್ತಿತ್ತು. ಟ್ಯಾಂಕರಿನಲ್ಲಿ ಬರುವ ನೀರು ಮನೆಗೊಬ್ಬರಿಗೆ ಸಾಲುತ್ತಿತ್ತು, ಇಬ್ಬರಿಗಲ್ಲ. ಹಾಗಾಗಿ ಗುಡ್ಡದ ಬುಡದಲ್ಲಿ ಒಣಮನೆ ಕಟ್ಟಿದರು, ಹಾವಸೆ ಬಲ್ಲವಳೆಂದು ನನ್ನನ್ನು ಅಲ್ಲಿ ಕೆಲಸಕ್ಕೆ ಇಟ್ಟುಕೊಂಡರು. ಒಂದು ತಿಂಗಳು ದಿನಾ ಪಾಕದ ಚುಚ್ಚುಮದ್ದು ಹಾಕಿಸಿಕೊಂಡ ಜನ ಗೂಡುಗಳಲ್ಲಿ ಮಲಗುತ್ತಿದ್ದರು. ಬೆಚ್ಚನೆಯ ಗಾಳಿ ಅವರನ್ನು ನಿಧಾನವಾಗಿ ಒಣಗಿಸುತ್ತಿತ್ತು. ಮೃಗಶಿರ ಮಳೆ ಹಿಡಿದ ಮೇಲೆ ನಲ್ಲಿ ತಿರುಗಿಸಿ ನೆನೆಸಿದರೆ ಏಳುತ್ತಿದ್ದರು. ಮನೆಗೊಬ್ಬರು ಮಾತ್ರ ಎಚ್ಚರವಾಗಿ ಉಳಿದು ಮನೆ ಕಾಯಬೇಕು. ಅವರಿಗೆ ಊರಿನವರು ಇಟ್ಟ ಹೆಸರು ಹಸಿ ಆಳು.

ಹುಲಿಗೆಮ್ಮ ತನ್ನ ಮನೆಯ ಹಸಿ ಆಳು. ಒಣಮನೆಯ ಗೇಟಿನೆದುರು ಅವಳ ಇಸ್ತ್ರಿ ಗಾಡಿ ಇತ್ತು. ಬಟ್ಟೆ ಒಗೆಯುವುದಕ್ಕೆ ಬೇಸಿಗೆಯಲ್ಲಿ ಪರವಾನಗಿ ಇರಲಿಲ್ಲ, ಇಸ್ತ್ರಿಗೆ ಇತ್ತು. ಕೊಳೆ ಬಟ್ಟೆಗೇ ಗೆರೆ ಮೂಡುವಂತೆ ಇಸ್ತ್ರಿ ಹಾಕಿಸಿಕೊಂಡು ಕಚೇರಿಗೆ ಹೋಗುವ ಗಂಡಸರನ್ನು ನೋಡಿ ಅವಳು ನಗುತ್ತಿದ್ದಳು. ಅವಳ ಗಂಡ ಗಾದಿಲಿಂಗ ಹಿಂದಿನ ಬೇಸಿಗೆ ಒಣಗಿ ಮಲಗಿದವನು ಮಳೆಗೆ ಏಳಲಿಲ್ಲ. ಆ ವರ್ಷ ಹಾಗೆ ಏಳದವರು ಬಹಳ ಜನ. ಪಾಕದಲ್ಲಿ ಏನೋ ಕಲಬೆರಕೆ ಇತ್ತು ಎಂದು ಒಣಮನೆ ನಡೆಸುವ ಮಂಡಳಿ ಹೇಳಿ, ಗುತ್ತಿಗೆದಾರನನ್ನು ಬದಲಿಸಿ, ಕೈ ತೊಳೆದುಕೊಂಡಿತು. ನೀರಿಲ್ಲದ ಊರಿನಲ್ಲೂ ಕೈ ತೊಳೆದುಕೊಳ್ಳುವುದಕ್ಕೆ ದೊಡ್ಡವರಿಗೆ ಎಂದೂ ಕೊರತೆಯಿಲ್ಲ.

ಮರುವರ್ಷ, ಮಕ್ಕಳು ಒಣಗಬೇಕಿಲ್ಲ ಎಂಬ ರಿಯಾಯಿತಿಯನ್ನೂ ತೆಗೆದುಹಾಕಿದರು. ಹುಲಿಗೆಮ್ಮನ ಒಬ್ಬಳೇ ಮಗಳು ದುರುಗಿಗೆ ಒಂಬತ್ತು ವರ್ಷ. ಅವಳ ಪಾಲಿನ ನೀರು ನಿಂತಿತು, ಅವಳು ಗೂಡಿಗೆ ಬಂದಳು. ಒಣಗಿದ ಮೇಲೆ ಅವಳನ್ನು ಸಾಲಿಗೆ ಸೇರಿಸಿದವಳು ನಾನೇ. ಬಿದಿರು ಬುಟ್ಟಿಯಷ್ಟು ಹಗುರವಾಗಿದ್ದಳು.

ನಿಯಂತ್ರಣ ಕೊಠಡಿಯಲ್ಲಿ ಇಂಜಿನಿಯರ್ ತಿಪ್ಪೇರುದ್ರ ಕೂರುತ್ತಿದ್ದ. ಗೋಡೆಯ ತುಂಬ ಪರದೆ. ಪ್ರತಿ ಗೂಡಿಗೂ ಒಂದು ಗೆರೆ, ಒಳಗಿರುವವರ ತೇವ ಎಷ್ಟೆಂದು ತೋರಿಸುವ ಗೆರೆ. ಅದು ನೆಲಕ್ಕೆ ಅಂಟಿದಂತೆ ಚಪ್ಪಟೆಯಾಗಿರಬೇಕು. ಏಪ್ರಿಲ್ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಪರದೆಯೆದುರು ನಿಂತವಳಿಗೆ ಕೆಲವು ಗೆರೆಗಳಲ್ಲಿ ಸಣ್ಣ ಸಣ್ಣ ಗಂಟುಗಳು ಕಂಡವು. ತೇವ ಒಂದಿಷ್ಟು ಏರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಮರುದಿನ ಮತ್ತೆ. ಇದೇನೆಂದು ಕೇಳಿದೆ. ನೋಡಲು ಬಂದ ಜನ ಗೂಡಿನ ಮುಂದೆ ನಿಂತು ಉಸಿರಾಡುತ್ತಾರೆ, ಯಂತ್ರ ಅದನ್ನೂ ಹಿಡಿಯುತ್ತದೆ, ತಲೆ ಕೆಡಿಸಿಕೊಳ್ಳಬೇಡಿ ಎಂದ. ಅವನ ಹೆಂಡತಿಯೂ ಅಲ್ಲೇ ಮೂರನೇ ಸಾಲಿನಲ್ಲಿ ಒಣಗಿ ಮಲಗಿದ್ದಳು. ಅವಳ ಗೆರೆಯಲ್ಲೂ ಗಂಟುಗಳಿದ್ದವು.

ಗಂಟಿಲ್ಲದ ಗೆರೆಗಳು ಯಾರವು ಎಂದು ಹುಡುಕಿದೆ. ಮೊದಲು ಸಿಕ್ಕವನು ಯಂಕಣ್ಣ. ಹಜಾಮತಿ ಮಾಡುತ್ತಿದ್ದ ಮುದುಕ, ಹಿಂದಿಲ್ಲ ಮುಂದಿಲ್ಲ. ಅವನ ಮನೆಗೆ ಹಸಿ ಆಳೂ ಇರಲಿಲ್ಲ, ಬಾಗಿಲಿಗೆ ಬೀಗ ಜಡಿದು ಬಂದು ಮಲಗುತ್ತಿದ್ದ. ಪ್ರತಿ ಮಳೆಗಾಲ ಎದ್ದವನೇ ಬೀಡಿ ಕೇಳುತ್ತಿದ್ದ. ಅವನ ಹಾಗೆಯೇ ಯಾರೂ ನೋಡಲು ಬಾರದವರ ಗೆರೆಗಳೆಲ್ಲ ಚಪ್ಪಟೆ. ಹಿಂದಿನ ವರ್ಷದ ಗೆರೆಗಳನ್ನೂ ತೆಗೆಸಿ ನೋಡಿದೆ. ಏಳದೆ ಹೋದವರ ಗೆರೆಗಳಲ್ಲೆಲ್ಲ ಗಂಟುಗಳು. ಗಾದಿಲಿಂಗನ ಗೆರೆಯಲ್ಲಂತೂ ಗಂಟೇ ಗಂಟು.

ಉಸಿರಿನಿಂದ ಇಷ್ಟಾಗುವುದಿಲ್ಲ. ಭೇಟಿಯ ಹೊತ್ತಿಗೆ ಕೆಳಗಿಳಿದು ಹೋಗಿ ಕಂಬದ ಮರೆಯಲ್ಲಿ ನಿಂತೆ. ಹುಲಿಗೆಮ್ಮ ಮಗಳ ಗೂಡಿನ ಮುಂದೆ ಕೂತಿದ್ದಳು. ಅಂದಂದಿನ ಸುದ್ದಿಯನ್ನೆಲ್ಲ ಹೇಳಿದಳು: ಪಕ್ಕದ ಮನೆಯ ಮೇಕೆ ಮರಿ ಹಾಕಿದ್ದು, ಶಾಲೆಯ ಮೇಷ್ಟ್ರೂ ಒಣಗಲು ಹೋಗಿದ್ದು. ಏಳುವ ಹೊತ್ತಿಗೆ ಸುತ್ತ ನೋಡಿ, ಸೆರಗಿನ ತುದಿಯನ್ನು ಮಗಳ ತುಟಿಯ ಮೇಲೆ ಹಿಂಡಿದಳು. ಸೆರಗು ಒದ್ದೆಯಾಗಿತ್ತು. ತನ್ನ ಪಾಲಿನ ನೀರಲ್ಲಿ ಅದ್ದಿ, ಸೊಂಟಕ್ಕೆ ಸಿಕ್ಕಿಸಿ, ಕಾವಲುಗಾರನನ್ನು ದಾಟಿಸಿ ತಂದಿದ್ದಳು. ಆ ಸಾಲಿನುದ್ದಕ್ಕೂ ಕಣ್ಣು ಹಾಯಿಸಿದೆ. ಒಬ್ಬರ ಸೆರಗು, ಒಬ್ಬರ ಪಂಚೆಯ ಚುಂಗು, ಒಬ್ಬರ ಕರವಸ್ತ್ರ. ಎಲ್ಲರೂ ಹಿಂಡುತ್ತಿದ್ದರು. ಕಾವಲುಗಾರ ಗೋಡೆ ನೋಡುತ್ತ ನಿಂತಿದ್ದ, ಏಕೆಂದರೆ ಅವನ ಜನವೂ ಒಳಗಿದ್ದರು.

ಇದನ್ನು ಊಹಿಸದೆ ಇದ್ದದ್ದು ನಮ್ಮ ದಡ್ಡತನ. ಈ ಸೀಮೆಯಲ್ಲಿ ಮನೆಗೆ ಬಂದವರಿಗೆ ಮಾತಿಗೆ ಮೊದಲು ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ಹೊರಡುವವರಿಗೆ ನೀರು, ಸಾಯುವವರ ಬಾಯಿಗೂ ನೀರು. ತುಟಿ ಬಿರಿದು ಮಲಗಿದ ಮಗಳನ್ನು ನೋಡಿ ಒಂದು ಹನಿಯೂ ಬಿಡದೆ ಎದ್ದುಬರುವ ತಾಯಿ ಇಲ್ಲಿ ಯಾರಿದ್ದಾರೆ? ಒಳಗೆ ನೀರು ತಾಗಿಸಬಾರದು ಎಂದು ದೊಡ್ಡ ಅಕ್ಷರದ ಬೋರ್ಡು ಹಾಕಿದ್ದೆವು, ಯಾಕೆಂದು ಹೇಳಿರಲಿಲ್ಲ. ಇಲ್ಲಿ ಉಗುಳಬಾರದು ಎಂಬ ಬೋರ್ಡಿಗೆ ಎಷ್ಟು ಮರ್ಯಾದೆಯೋ ಅದಕ್ಕೂ ಅಷ್ಟೇ ಸಿಕ್ಕಿತು.

ಯಾಕೆಂಬುದು ಹಾವಸೆಯ ಪಾಠದಲ್ಲೇ ಇದೆ. ಒಣಗಿದ ಹಾವಸೆಗೆ ನೀರು ತಾಗಿದ ಕೂಡಲೇ ಅದು ಲಾಭಕ್ಕೆ ಬರುವುದಿಲ್ಲ, ನಷ್ಟಕ್ಕೆ ಇಳಿಯುತ್ತದೆ. ಒಣಗಿದಾಗ ಬಿಟ್ಟ ಬಿರುಕುಗಳನ್ನೆಲ್ಲ ಮೊದಲು ಮುಚ್ಚಬೇಕು, ಅದಕ್ಕೆ ಕೂಡಿಟ್ಟ ಸಕ್ಕರೆಯನ್ನೇ ಸುಡಬೇಕು. ರಿಪೇರಿ ಮುಗಿದು, ಬಿಸಿಲಿನಿಂದ ಹೊಸ ಆಹಾರ ಮಾಡಿಕೊಳ್ಳಲು ತೊಡಗುವುದು ಆಮೇಲೆ. ಅಲ್ಲಿಯವರೆಗೆ ಒದ್ದೆಯಾಗಿರಲು ಸಾಕಷ್ಟು ಮಳೆ ಬಂದರೆ ಬದುಕು. ಬರೀ ತುಂತುರು ಬಂದು ಹೋದರೆ ಖರ್ಚು ಆಯಿತು, ಗಳಿಕೆ ಇಲ್ಲ. ಮೇಲಿಂದ ಮೇಲೆ ತುಂತುರು ಬಂದರೆ ಹಾವಸೆ ಹಸಿದು ಸಾಯುತ್ತದೆ. ನಮ್ಮ ಗೂಡಿನಲ್ಲಿರುವವರ ಕಥೆಯೂ ಅದೇ. ಸೆರಗಿನ ನೀರು ತಾಗಿದಾಗಲೆಲ್ಲ ಮೈ ಅರೆ ಎಚ್ಚರವಾಗಿ, ಪಾಕವನ್ನು ಸುಟ್ಟು ರಿಪೇರಿಗೆ ತೊಡಗಿ, ಮುಗಿಸುವ ಮುನ್ನ ಮತ್ತೆ ಒಣಗುತ್ತಿತ್ತು. ಪ್ರೀತಿಯ ಜನ ಇಲ್ಲದವರು ಬದುಕುತ್ತಿದ್ದರು. ಇದ್ದವರು ಸಾಯುತ್ತಿದ್ದರು.

ಅಂದು ಸಂಜೆ ಭೇಟಿ ನಿಲ್ಲಿಸುವಂತೆ ತಿಪ್ಪೇರುದ್ರನಿಗೆ ಹೇಳಿದೆ. ಕಾರಣ ಕೇಳಿದ, ವಿವರಿಸಿದೆ. ಅವನು ಬಹಳ ಹೊತ್ತು ಮೂರನೇ ಸಾಲಿನ ಒಂದು ಗೆರೆಯನ್ನು ನೋಡುತ್ತ ಕೂತ. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು ಮೇಜಿನ ಮೇಲಿಟ್ಟ. ಅದಿನ್ನೂ ಒದ್ದೆಯಾಗಿತ್ತು.

ಗಂಟು ಬಿದ್ದ ಗೆರೆಗಳನ್ನೆಲ್ಲ ಲೆಕ್ಕ ಹಾಕಿದಾಗ ಹೆಚ್ಚಿನವರು ಆಗಲೇ ಕೈಮೀರಿದ್ದರು. ದುರುಗಿ ಮಾತ್ರ ಅಂಚಿನಲ್ಲಿದ್ದಳು. ಮಗು ಎಂದು ಪಾಕ ಸ್ವಲ್ಪ ಧಾರಾಳವಾಗಿ ಹಾಕಿದ್ದೆವು. ಹಾಗೇ ಒಣಗಿ ಮಲಗಿದ್ದರೆ ಮಳೆಗಾಲದವರೆಗೆ ತಾಳುವಷ್ಟು ಉಳಿದಿರಲಿಲ್ಲ. ಆದರೆ ಈಗಲೇ ಪೂರ್ತಿ ನೆನೆಸಿ, ಎಬ್ಬಿಸಿ, ಮಳೆ ಬರುವವರೆಗೆ ಹಸಿಯಾಗಿಯೇ ಇಟ್ಟರೆ ಉಳಿಯುತ್ತಾಳೆ. ಅದಕ್ಕೆ ಒಂದು ಆಳಿನ ಪಾಲಿನ ನೀರು ಬೇಕು. ತಿಪ್ಪೇರುದ್ರ ಆಗುವುದಿಲ್ಲ ಎಂದ. ಟ್ಯಾಂಕರುಗಳು ಅರ್ಧಕ್ಕರ್ಧ ಕಡಿಮೆಯಾಗಿದ್ದವು, ಮನೆಗೊಬ್ಬರು ಎಂಬ ಕಟ್ಟಳೆ ಒಂದು ಕಡೆ ಮುರಿದರೆ ಊರೇ ಗೇಟಿಗೆ ಬರುತ್ತದೆ. ಅವನು ಕೆಟ್ಟವನಲ್ಲ. ತನ್ನ ಹೆಂಡತಿಗಾಗಿಯೂ ಅವನು ನೀರು ಕೇಳಲಿಲ್ಲ. ನಮ್ಮ ಸಿಬ್ಬಂದಿಯ ಪಾಲನ್ನು ಮೇಲಿನವರ ಕಣ್ಣೆದುರೇ ಅಲ್ಲೇ ಕುಡಿಯಬೇಕಿತ್ತು, ಹೊರಗೆ ಒಂದು ಗುಟುಕೂ ಒಯ್ಯುವಂತಿರಲಿಲ್ಲ.

ಹುಲಿಗೆಮ್ಮನ ಮನೆಗೆ ನಾನೇ ಹೋದೆ. ಒಂದೇ ಕೋಣೆ. ಮೂಲೆಯಲ್ಲಿ ಇಸ್ತ್ರಿ ಬಟ್ಟೆಯ ಗಂಟುಗಳು, ಗೋಡೆಯ ಮೊಳೆಗೆ ದುರುಗಿಯ ಶಾಲೆಯ ಚೀಲ. ನಾನು ಬೇಡ ಬೇಡ ಎಂದರೂ ಕೇಳದೆ ತನ್ನ ಗಡಿಗೆಯ ತಳದಿಂದ ಲೋಟ ಎತ್ತಿ ಕೊಟ್ಟಳು, ಜೊತೆಗೆ ಒಂದು ಚೂರು ಬೆಲ್ಲ. ಕುಡಿಯದಿದ್ದರೆ ಮಾತಾಡುವುದಿಲ್ಲ ಎಂಬಂತೆ ನೋಡಿದಳು. ಕುಡಿದೆ. ಅಷ್ಟು ಕಹಿ ನೀರನ್ನು ನಾನು ಎಂದೂ ಕುಡಿದಿಲ್ಲ.

ಮಗಳ ವಿಷಯವನ್ನಷ್ಟೇ ಹೇಳಬೇಕೆಂದು ನಿರ್ಧರಿಸಿ ಹೋಗಿದ್ದೆ. ಹಾವಸೆಯ ಕಥೆಯನ್ನು ಆದಷ್ಟು ಸುಲಭವಾಗಿ ಹೇಳಿದೆ. ಸ್ವಲ್ಪ ನೀರು ಒಳ್ಳೆಯದಲ್ಲ, ಪೂರ್ತಿ ಬೇಕು ಇಲ್ಲವೇ ಏನೂ ಬೇಡ ಎಂದೆ. ಅವಳು ಕೈಯಲ್ಲಿದ್ದ ಅಂಗಿಯನ್ನು ಮಡಚುತ್ತ ಕೇಳಿಸಿಕೊಂಡಳು. ಮಡಚುವುದು ನಿಂತಿತು.

"ಅವರಿಗೂ ನಾನ ಹಾಕಿದ್ದೆ," ಎಂದಳು. "ದಿನಾ ಹಾಕತಿದ್ದೆ."

ಪಾಕದ ಕಲಬೆರಕೆ ಎಂಬ ಮಂಡಳಿಯ ಸುಳ್ಳನ್ನು ಅವಳ ಮುಂದೆ ಇಡಬಹುದಿತ್ತು. ಬಾಯಿ ಬರಲಿಲ್ಲ. ಅವಳು ಅಳಲಿಲ್ಲ. ಅಂಗಿಯನ್ನು ಬಿಚ್ಚಿ ಮತ್ತೆ ಮೊದಲಿನಿಂದ ಮಡಚಿದಳು. ಅದನ್ನು ಬದಿಗಿಟ್ಟು, ಮಗಳು ಏಳಬೇಕಾದರೆ ಎಷ್ಟು ನೀರು ಬೇಕು ಎಂದು ಕೇಳಿದಳು. ಒಂದು ಆಳಿನ ಪಾಲು ಎಂದೆ.

"ಈ ಮನಿಯಾಗ ಒಂದು ಪಾಲು ಐತಲ್ರಿ," ಎಂದಳು.

ಅವಳು ಏನು ಹೇಳುತ್ತಿದ್ದಾಳೆಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಮನೆಗೊಬ್ಬರು ಹಸಿ. ಆ ಒಬ್ಬರು ದುರುಗಿ ಆಗಬಹುದು, ತಾಯಿ ಗೂಡಿಗೆ ಹೋದರೆ. ಆದರೆ ಹುಲಿಗೆಮ್ಮ ಒಂದು ದಿನವೂ ಪಾಕ ಹಾಕಿಸಿಕೊಂಡವಳಲ್ಲ. ಒಂದು ತಿಂಗಳ ಪಾಕ, ನಿಧಾನದ ಗಾಳಿ, ಎರಡೂ ಬೇಕು. ದುರುಗಿಗೆ ಒಂದು ತಿಂಗಳ ಸಮಯವಿರಲಿಲ್ಲ, ಒಂದು ವಾರವಿತ್ತು. ನೆರಳಲ್ಲಿ ಮೆಲ್ಲಗೆ ಒಣಗಿದ ಹಾವಸೆ ಏಳುತ್ತದೆ. ಕಿತ್ತು ಸುಡುಬಿಸಿಲಿಗೆ ಹರವಿದರೆ, ಸಕ್ಕರೆ ಕೂಡಿಸಿಕೊಳ್ಳಲು ಪುರಸೊತ್ತಿಲ್ಲದೆ ಹೆಚ್ಚಿನದು ಸಾಯುತ್ತದೆ. ಇದನ್ನೂ ಮುಚ್ಚಿಡದೆ ಹೇಳಿದೆ. ಏಳುವುದು ನೂರಕ್ಕೊಂದು ಎಂದೆ, ಅದೂ ಧೈರ್ಯಕ್ಕೆ ಹೇಳುವ ಮಾತು ಎಂದೆ.

ಅವಳು ಮೊಳೆಯಿಂದ ಶಾಲೆಯ ಚೀಲ ತೆಗೆದು ಧೂಳು ಕೊಡವಿ ನನ್ನ ಕೈಗೆ ಕೊಟ್ಟಳು. ಮಗಳನ್ನು ನನ್ನ ಮನೆಯಲ್ಲಿ ಇಟ್ಟುಕೊಳ್ಳಬೇಕು ಎಂದಳು. ಒಪ್ಪಿದೆ. ಇನ್ನೇನು ಮಾಡಲಿ?

ಒಂದು ವಾರ ಪಾಕ ಹಾಕಿದೆವು, ಮೈ ತಾಳುವಷ್ಟೂ ಹಾಕಿದೆವು. ಜ್ವರ ಬಂದು ಬಾಯೆಲ್ಲ ಸಿಹಿಯಾಗಿದೆ ಎಂದು ನಕ್ಕಳು. ಗೂಡಿನಲ್ಲಿ ಮಲಗಿಸುವ ದಿನ ಅವಳ ಸೆರಗು ಒಣಗಿತ್ತು. ಗಾಳಿಯ ಗುಂಡಿಯ ಮೇಲೆ ನಾನು ಕೈಯಿಟ್ಟಾಗ, ತಡೆಯಿರಿ ಎಂದು ಸನ್ನೆ ಮಾಡಿದಳು.

"ದುರುಗಿ ನನ್ನಂಗ ಐದಾಳ. ನನ್ನ ನೋಡಾಕ ಬಂದ್ರ ಬಾಯಿಗೆ ನೀರು ಬಿಡ್ತಾಳ. ಬಿಡಗೊಡಬ್ಯಾಡ್ರಿ ಮೇಡಂ. ನನ್ನ ಮುಂದ ಕುಂತು ತಾನ ಕುಡೀಲಿ. ನಾ ಕುಡದಂಗ ಆತದು."

ಗುಂಡಿ ಒತ್ತಿದೆ. ಒಣಗಾಳಿ ಜೋರಾಗಿ ಬೀಸಿತು. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ.

ಅಂದೇ ದುರುಗಿಯ ನಲ್ಲಿ ತಿರುಗಿಸಿದೆವು. ಸಂಜೆಯ ಹೊತ್ತಿಗೆ ಚರ್ಮ ಬಿಚ್ಚಿತು, ಮರುದಿನ ಕಣ್ಣು ಬಿಟ್ಟಳು. ಅವ್ವ ಎಲ್ಲಿ ಎಂದು ಕೇಳಿದಳು. ನಿನ್ನ ಬದಲಿಗೆ ಮಲಗಿದ್ದಾಳೆ ಎಂದೆ. ಒಂದಿಷ್ಟು ಚೇತರಿಸಿಕೊಂಡ ಮೇಲೆ ಕರೆದುಕೊಂಡು ಹೋಗಿ ತೋರಿಸಿದೆ. ತಾಯಿ ಅಂದಂತೆಯೇ ಆಯಿತು. ನಾನು ನೋಡುತ್ತಿದ್ದಂತೆ ಹುಡುಗಿಯ ಕೈ ತನ್ನ ಲೋಟಕ್ಕೆ ಹೋಯಿತು. ಆ ಕೈಯನ್ನು ಹಿಡಿದುಕೊಂಡು, ಅವ್ವ ಹೇಳಿದ ಮಾತನ್ನು ಹೇಳಿದೆ. ದುರುಗಿ ಗೂಡಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ತಾಯಿಯ ಮುಖ ನೋಡುತ್ತ, ಲೋಟದ ನೀರನ್ನು ಗುಟುಕು ಗುಟುಕಾಗಿ ಕುಡಿದಳು. ಊರಿನವರಿಗೆ ಭೇಟಿ ನಿಂತಿದ್ದರೂ ಅವಳನ್ನು ನನ್ನ ಜೊತೆ ಒಳಗೆ ಬಿಡುತ್ತಿದ್ದೆ, ಅಂದಿನಿಂದ ದಿನಾ ಹಾಗೆ. ಬಾಗಿಲಲ್ಲಿ ನಿಂತು ಎರಡೂ ಕೈಯನ್ನು ಲಂಗಕ್ಕೆ ಒರೆಸಿ ಒರೆಸಿ ಒಣಗಿಸಿಕೊಂಡೇ ಒಳಗೆ ಕಾಲಿಡುತ್ತಿದ್ದಳು.

ಭೇಟಿ ಯಾಕೆ ನಿಂತಿತು ಎಂಬುದು ಊರಿಗೆ ಗೊತ್ತಾಗದೆ ಹೋಗಲಿಲ್ಲ. ಗೇಟಿಗೆ ಕಲ್ಲು ಬಿದ್ದವು. ಕೆಲವರು ನನ್ನನ್ನು ಕೊಲೆಗಾತಿ ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕಲ್ಲು ಎಸೆಯುವುದಕ್ಕೆ ಯಾರಾದರೂ ಒಬ್ಬರು ಬೇಕಿತ್ತು, ಇಲ್ಲದಿದ್ದರೆ ಅವರು ತಮ್ಮ ಕೈಯನ್ನೇ ನೋಡಿಕೊಳ್ಳಬೇಕಾಗುತ್ತಿತ್ತು.

ಮೃಗಶಿರ ಆ ವರ್ಷ ತಡವಾಗಿ, ಆದರೆ ಗಟ್ಟಿಯಾಗಿ ಹಿಡಿಯಿತು. ಸಾಲು ಸಾಲಾಗಿ ನಲ್ಲಿ ತಿರುಗಿಸಿದೆವು. ಗೇಟಿನ ಹೊರಗೆ ಊರೆಲ್ಲ ನಿಂತಿತ್ತು, ಕೈಯಲ್ಲಿ ಚೊಂಬು, ಬೆಲ್ಲ. ಒಳಗಿಂದ ನಡೆದು ಬಂದವರಲ್ಲಿ ಹೆಚ್ಚಿನವರನ್ನು ಎದುರುಗೊಳ್ಳಲು ಯಾರೂ ಬಂದಿರಲಿಲ್ಲ. ಎದುರುಗೊಳ್ಳಲು ಬಂದವರ ಜನ ಹೆಚ್ಚಿನವರು ಹೊರಗೆ ಬರಲಿಲ್ಲ. ಯಂಕಣ್ಣ ಎಂದಿನಂತೆ ಬೀಡಿ ಕೇಳುತ್ತ ಬಂದ. ಗಂಡನಿಗೆಂದು ನೀರು ತಂದು ನಿಂತಿದ್ದ ಒಬ್ಬ ಹೆಂಗಸು ಬಹಳ ಹೊತ್ತು ಕಾದು, ಕೊನೆಗೆ ಆ ಚೊಂಬನ್ನು ಅವನ ಕೈಗೆ ಕೊಟ್ಟಳು. ಅವನು ಕುಡಿಯುತ್ತ ಅತ್ತುಬಿಟ್ಟ. ಮೂರನೇ ಸಾಲಿನ ನಲ್ಲಿಗಳನ್ನು ತಿಪ್ಪೇರುದ್ರ ತಾನೇ ತಿರುಗಿಸಿದ. ಮರುದಿನ ಅವನು ಕೆಲಸಕ್ಕೆ ಬರಲಿಲ್ಲ.

ಹುಲಿಗೆಮ್ಮನ ಗೂಡು ಕೊನೆಗೆ ಉಳಿಯಿತು. ಅದಕ್ಕೆ ಮೊದಲು ದುರುಗಿಯನ್ನು ಗುಡ್ಡಕ್ಕೆ ಕರೆದೊಯ್ದೆ. ಅವಳನ್ನು ಸಿದ್ಧಪಡಿಸುವ ಯೋಚನೆ ನನ್ನದು. ಬಂಡೆಗಳ ಮೇಲೆ ಹಾವಸೆ ಎದ್ದಿತ್ತು. ಬೇಸಿಗೆಯಲ್ಲಿ ಬೂದಿಯಾಗಿದ್ದ ಕಲ್ಲು ಈಗ ಮಖಮಲ್ಲಿನಂತೆ ಹಸಿರು. ನಡುನಡುವೆ ಅಂಗೈಯಗಲದ ಕಂದು ತೇಪೆಗಳು. ಅವೂ ನೀರು ಕುಡಿದಿದ್ದವು, ಆದರೆ ಬಣ್ಣ ತಿರುಗಿರಲಿಲ್ಲ. ದುರುಗಿ ಒಂದನ್ನು ಬೆರಳಿನಿಂದ ಮುಟ್ಟಿದಳು.

"ಇವು ಸತ್ತಾವೇನ್ರಿ?"

ಹೌದು ಎಂದೆ.

"ಮಳಿ ಬರೋಕಿಂತ ಮೊದ್ಲ ಸತ್ತಿದ್ವೋ, ಬಂದ ಮ್ಯಾಲ ಸತ್ವೋ?"

ಮೊದಲೇ ಸತ್ತಿರುತ್ತವೆ, ಆದರೆ ಮಳೆ ಬೀಳುವವರೆಗೆ ಯಾರಿಗೂ ತಿಳಿಯುವುದಿಲ್ಲ ಎಂದೆ. ಅವಳು ತಲೆಯಾಡಿಸಿದಳು.

ಒಣಮನೆಯ ಬಾಗಿಲಲ್ಲಿ ಮಳೆಯಿಂದ ತೊಯ್ದು ತೊಟ್ಟಿಕ್ಕುತ್ತಿದ್ದ ಹುಡುಗಿ ಒಳಗೆ ಬರಲಿಲ್ಲ. ಲಂಗವೂ ಒದ್ದೆ, ಒರೆಸಿಕೊಳ್ಳಲು ಏನೂ ಇರಲಿಲ್ಲ. ಇವತ್ತು ಒದ್ದೆ ಕೈಯಾದರೂ ನಡೆಯುತ್ತದೆ, ನೆನೆಸುವುದಕ್ಕೇ ಬಂದಿದ್ದೇವೆ ಎಂದು ನಾನು ಹೇಳಿದೆ. ಅವಳು ಕೇಳದೆ, ನನ್ನ ಮೇಜಿನ ಮೇಲಿದ್ದ ಒಣ ಟವೆಲು ತೆಗೆದುಕೊಂಡು ಕೈ, ಮುಖ, ತಲೆ, ಕಾಲು, ಬೆರಳ ಸಂದಿಗಳನ್ನೂ ಒರೆಸಿಕೊಂಡು ಬಂದು ಗೂಡಿನ ಮುಂದೆ ನಿಂತಳು. ನಾನು ನಲ್ಲಿಗೆ ಕೈಹಾಕಿದೆ.

"ನೀರು ಬಿಟ್ರ ಗೊತ್ತಾಗಿಬಿಡ್ತದ ಅಲ್ರಿ?" ಎಂದಳು.

ಹೂಂ ಎಂದೆ.

"ಹಂಗಾರ ಬ್ಯಾಡ್ರಿ."

ಇದಾಗಿ ಈಗ ಐದನೇ ಮಳೆಗಾಲ. ಆ ಬೇಸಿಗೆಯೊಂದಿಗೆ ಒಣನಿದ್ದೆಯನ್ನು ನಿಲ್ಲಿಸಿದರು, ಗೂಡುಗಳನ್ನು ಕಿತ್ತು ಗುಜರಿಗೆ ಹಾಕಿದರು. ಊರಿನ ಅರ್ಧ ಜನ ಬೇಸಿಗೆಗೆ ಬೇರೆ ಕಡೆ ಹೋಗುತ್ತಾರೆ. ಹುಲಿಗೆಮ್ಮನನ್ನು ನೆನೆಸಿ, ಇಲ್ಲವೇ ಮಣ್ಣು ಮಾಡಿ ಎಂದು ಮಂಡಳಿ ನನಗೆ ಆಗಾಗ ಹೇಳಿ ಕಳಿಸುತ್ತದೆ. ನಲ್ಲಿ ಕೆಟ್ಟಿದೆ ಎಂದು ಹೇಳಿ ಕಳಿಸುತ್ತೇನೆ. ಒಂದು ಗೂಡು ಉಳಿದಿದೆ. ದುರುಗಿ ಈಗ ನನ್ನ ಭುಜಕ್ಕೆ ಬಂದಿದ್ದಾಳೆ, ತಾಯಿಯ ಇಸ್ತ್ರಿ ಗಾಡಿಯನ್ನು ಅವಳೇ ನಡೆಸುತ್ತಾಳೆ. ಬಟ್ಟೆಗೆ ನೀರು ಚಿಮುಕಿಸಿದ ಕೈಯನ್ನು ದಿನಾ ಸಂಜೆ ಬಾಗಿಲಲ್ಲಿ ನಿಂತು ಒರೆಸಿಕೊಳ್ಳುತ್ತಾಳೆ. ಒಳಗೆ ಹೋಗಿ ತಾಯಿಯ ಮುಂದೆ ಕೂತು, ಅಂದಿನ ಸುದ್ದಿ ಹೇಳಿ, ಒಂದು ಲೋಟ ನೀರನ್ನು ಪೂರ್ತಿ ಕುಡಿಯುತ್ತಾಳೆ.